ಸೀಟು ಹಿಡಿದ ಕೈ

ಪುಲಿಕೇಶಿನಗರ, ಭಾನುವಾರದ ಕನ್ನಡ ಆರಾಧನೆ
ವಾಕ್ಯಭಾಗ: ಅರಣ್ಯಕಾಂಡ 27:12-23

ಅರಣ್ಯಕಾಂಡ 27ನೇ ಅಧ್ಯಾಯ ತೆರೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಸತ್ಯವೇದ ನೋಡುವವರು ವಾಟ್ಸಾಪ್ ಮುಚ್ಚಿ ನೋಡಿ, ಆಮೆನ್?

ಮುಂದಿನ ತಿಂಗಳಿಂದ ನಮ್ಮ ಸಂಡೇ ಸ್ಕೂಲ್ ಜವಾಬ್ದಾರಿ ಯೌವನಸ್ಥರ ಕೈಗೆ ಹೋಗ್ತಾ ಇದೆ, ಎಲ್ಲರಿಗೂ ಗೊತ್ತು. ಇಷ್ಟು ವರ್ಷ ಅದನ್ನು ನಡೆಸಿಕೊಂಡು ಬಂದ ಅಮ್ಮ ಹೋದ ವಾರ ನನ್ನನ್ನ ಒಂದು ಪ್ರಶ್ನೆ ಕೇಳಿದರು. ಇನ್ನು ಮೇಲೆ ಭಾನುವಾರ ಬೆಳಿಗ್ಗೆ ಎಂಟಕ್ಕೇ ಬಂದು ತಾವು ಏನು ಮಾಡಬೇಕು ಅಂತ. ಅವರ ಅನುಮತಿ ತಗೊಂಡೇ ಇದನ್ನ ಹೇಳ್ತಾ ಇದ್ದೀನಿ. ನಾನು ಆಗ ಉತ್ತರ ಕೊಡಲಿಲ್ಲ, ಪ್ರಾರ್ಥನೆ ಮಾಡ್ತೀನಿ ಅಂದೆ. ಈ ಪ್ರಶ್ನೆ ಅವರೊಬ್ಬರದ್ದೇ ಅಲ್ಲ. ಕಾರ್ಖಾನೆಯಿಂದ ರಿಟೈರ್ ಆದ ಅಣ್ಣಂದಿರು, ಮಕ್ಕಳ ಮದುವೆ ಮುಗಿಸಿ ಖಾಲಿ ಮನೆಯಲ್ಲಿ ಕೂತಿರುವ ತಾಯಂದಿರು, ಎಷ್ಟೋ ಜನ ಬಾಯಿ ಬಿಡದೆ ಇದನ್ನೇ ಕೇಳ್ತಾ ಇದ್ದಾರೆ.

ಇವತ್ತು ಒಬ್ಬ ಸೈಕಲ್ ಸವಾರರ ವಿಷಯ ಹೇಳ್ತೀನಿ. ಅವರು ವಿಶ್ವಾಸಿ ಅಂತ ನಾನು ಹೇಳ್ತಾ ಇಲ್ಲ. ಪೌಲನೂ ಕೊರಿಂಥದವರಿಗೆ ಬರೆಯುವಾಗ ಓಟದ ಮೈದಾನದಿಂದಲೇ ಉದಾಹರಣೆ ತಗೊಂಡ, ಅಲ್ವಾ?

1964, ಟೋಕಿಯೋ ಒಲಿಂಪಿಕ್ಸ್. ನಮ್ಮ ಹಿರಿಯರಿಗೆ ಆ ಒಲಿಂಪಿಕ್ಸ್ ಅಂದ್ರೆ ಕೆನೆತ್ ಪೊವೆಲ್ ನೆನಪಾಗಬಹುದು. ಕೋಲಾರದಲ್ಲಿ ಹುಟ್ಟಿ, ಬೆಂಗಳೂರಿನ ಐಟಿಐನಲ್ಲಿ ಕೆಲಸ ಮಾಡ್ತಾ ಓಡಿದವರು. 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. 2022ರಲ್ಲಿ ಇದೇ ಊರಲ್ಲಿ ತೀರಿಕೊಂಡರು. ಅವರು ಓಡಿದ ಅದೇ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ದೇಶದ 20 ವರ್ಷದ ಒಬ್ಬ ಹುಡುಗ ಸೈಕಲ್ ಸ್ಪ್ರಿಂಟ್‌ನಲ್ಲಿ ಕಂಚು ಗೆದ್ದ. ಹೆಸರು ಡ್ಯಾನಿಯಲ್ ಮೊರೆಲೋನ್. ನಮ್ಮ ದಾನಿಯೇಲನ ಹೆಸರೇ. ಬಾಬೆಲಿನ ಅರಸರು ಹೋಗಿ ಪಾರಸಿಯರು ಬಂದರೂ ಸೇವೆ ಬಿಡದೆ ಇದ್ದನಲ್ಲ, ಆ ದಾನಿಯೇಲ. ಈ ಡ್ಯಾನಿಯಲ್ ಕಥೆಯೂ ಉದ್ದದ್ದೇ.

ನಮ್ಮ ರಾಜ್ಯದಲ್ಲಿ ಸೈಕ್ಲಿಂಗ್ ಅಂದ್ರೆ ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಚೆನ್ನಾಗಿ ಗೊತ್ತು. ನಮಗೆ ಮಾಸ್ಕ್ ರೋಡ್ ಟ್ರಾಫಿಕ್ಕಿನಲ್ಲಿ ಸೈಕಲ್ ತುಳಿದರೆ ಅದೇ ಒಲಿಂಪಿಕ್ಸ್! ಅದಕ್ಕೇ ಈ ಆಟ ಹೇಗೆ ಅಂತ ಸ್ವಲ್ಪ ಹೇಳಿಬಿಡ್ತೀನಿ. ಬಟ್ಟಲಿನ ಹಾಗೆ ಓರೆಯಾದ ಟ್ರ್ಯಾಕ್. ಸೈಕಲ್ಲಿಗೆ ಬ್ರೇಕ್ ಇಲ್ಲ, ಚಕ್ರ ತಿರುಗ್ತಾ ಇದ್ದರೆ ಪೆಡಲೂ ತಿರುಗಲೇಬೇಕು. ಇಬ್ಬರೇ ಸ್ಪರ್ಧಿಗಳು. ಹೆಸರು ಸ್ಪ್ರಿಂಟ್, ಆದರೆ ಶುರುವಿನಲ್ಲಿ ಇಬ್ಬರೂ ನಿಧಾನ ಹೋಗ್ತಾರೆ. ಮುಂದೆ ಇದ್ದವನು ಗಾಳಿ ಸೀಳಬೇಕು, ಹಿಂದೆ ಇದ್ದವನು ಅವನ ಮರೆಯಲ್ಲಿ ಬಲ ಉಳಿಸಿಕೊಳ್ತಾನೆ. ಅದಕ್ಕೆ ಯಾರಿಗೂ ಮುಂದೆ ಹೋಗೋಕೆ ಇಷ್ಟ ಇಲ್ಲ. ಕೆಲವು ಸಲ ಇಬ್ಬರೂ ಕಾಲು ಕೆಳಗೆ ಇಡದೆ ಸೈಕಲ್ ಮೇಲೆ ಹಾಗೇ ನಿಂತುಬಿಡ್ತಾರೆ. 1964ರಲ್ಲೇ ಸೆಮಿಫೈನಲ್ಲಿನಲ್ಲಿ ಇಟಲಿಯ ಪೆಟ್ಟೆನೆಲ್ಲಾ, ಫ್ರಾನ್ಸಿನ ಪಿಯರ್ ಟ್ರೆಂಟಿನ್ ಹೀಗೆ 21 ನಿಮಿಷ 57 ಸೆಕೆಂಡ್ ನಿಂತರು. ಇದು ವೇಗದ ಆಟ, ನೋಡಿ! ನಿಲ್ಲೋಕೆ ಗೊತ್ತಿಲ್ಲದವನು ಇದರಲ್ಲಿ ಗೆಲ್ಲೋದಿಲ್ಲ.

ಆ ಟ್ರೆಂಟಿನ್‌ನನ್ನ ಸೋಲಿಸಿಯೇ ಮೊರೆಲೋನ್ ಕಂಚು ಪಡೆದದ್ದು. ನಾಲ್ಕು ವರ್ಷದ ನಂತರ ಮೆಕ್ಸಿಕೋದಲ್ಲಿ ಅದೇ ಇಬ್ಬರು, ಒಂದೇ ಸೈಕಲ್ ಮೇಲೆ ಹಿಂದೆ ಮುಂದೆ ಕೂತು, ಟ್ಯಾಂಡಮ್‌ನಲ್ಲಿ ಚಿನ್ನ ಗೆದ್ದರು. ನಮ್ಮ ಸಭೆಗಳಲ್ಲಿ ಒಂದು ಸಲ ಕಮಿಟಿ ಮೀಟಿಂಗ್‌ನಲ್ಲಿ ಸೋತವರು ಮತ್ತೆ ಒಂದೇ ಬೆಂಚಿನಲ್ಲಿ ಕೂರ್ತಾರಾ? ಅದು ಬೇರೆ ಪ್ರಸಂಗ, ಬಿಡಿ.

1968ರಲ್ಲಿ ಸ್ಪ್ರಿಂಟ್ ಚಿನ್ನ, 1972ರಲ್ಲಿ ಮ್ಯೂನಿಕ್‌ನಲ್ಲಿ ಮತ್ತೆ ಚಿನ್ನ. ಅಮೆಚೂರ್ ಸ್ಪ್ರಿಂಟ್‌ನಲ್ಲಿ ಏಳು ಸಲ ವಿಶ್ವ ಚಾಂಪಿಯನ್. ಹೊಟ್ಟೆಪಾಡಿಗೆ ಪೊಲೀಸ್ ಕೆಲಸ. 1976, ಮಾಂಟ್ರಿಯಲ್, ನಾಲ್ಕನೇ ಒಲಿಂಪಿಕ್ಸ್. ಫೈನಲ್ಲಿನಲ್ಲಿ ಚೆಕೊಸ್ಲೊವಾಕಿಯಾದ ಆಂಟನ್ ಟ್ಕಾಚ್ ಎದುರು 2-1ರಲ್ಲಿ ಸೋತರು. ಬೆಳ್ಳಿ. ಆ ಬಾಗಿಲು ಅಲ್ಲಿಗೆ ಮುಚ್ಚಿತು.

ಈಗ ಆ ಮನುಷ್ಯ ಏನು ಮಾಡಬೇಕು? ಮೂರು ಚಿನ್ನ, ಒಂದು ಬೆಳ್ಳಿ, ಒಂದು ಕಂಚು ಗೋಡೆಗೆ ಹಾಕಿಕೊಂಡು ಕೂರಬಹುದಿತ್ತು. ಮೊರೆಲೋನ್ ತರಬೇತುದಾರರಾದರು. ಎರಡು ದಶಕಕ್ಕಿಂತ ಹೆಚ್ಚು ಫ್ರಾನ್ಸಿಗೆ. ಅವರಿಂದ ತರಬೇತಿ ಪಡೆದ ಫೆಲಿಸಿಯಾ ಬಾಲಾಂಜೆ 1996ರಲ್ಲಿ ಒಂದು, 2000ದಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದರು. ಒಟ್ಟು ಮೂರು, ಗುರುವಿನಷ್ಟೇ. ಆಮೇಲೆ ಚೀನಾಕ್ಕೆ ಹೋದರು. ಭಾಷೆ ಬೇರೆ, ಊಟ ಬೇರೆ. 2008ರ ಬೀಜಿಂಗ್‌ನಲ್ಲಿ ಅವರ ಶಿಷ್ಯೆ ಗುವೊ ಶುವಾಂಗ್ ಕಂಚು ಗೆದ್ದಾಗ ಅವರಿಗೆ 64 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಪೆನ್ಷನ್ ಬಗ್ಗೆ ಬಿಟ್ಟು ಬೇರೆ ಮಾತು ಬರಲ್ಲ.

ಸ್ಪ್ರಿಂಟ್ ಶುರುವಾಗೋದನ್ನ ವಿಡಿಯೋದಲ್ಲಿ ಗಮನಿಸಿ ನೋಡಿ. ಸವಾರನ ಎರಡೂ ಕಾಲು ಪೆಡಲಿಗೆ ಬಿಗಿದಿರುತ್ತೆ, ಸೈಕಲ್ ತಾನಾಗಿ ನಿಲ್ಲಲ್ಲ. ಹಿಂದೆ ಒಬ್ಬರು ಸೀಟು ಹಿಡಿದು ನೆಟ್ಟಗೆ ನಿಲ್ಲಿಸಿರ್ತಾರೆ, ಅನೇಕ ಸಲ ತರಬೇತುದಾರರೇ. ಸಿಗ್ನಲ್ ಬಂದ ಕೂಡಲೇ ಬಿಡ್ತಾರೆ. ಕ್ಯಾಮೆರಾ ಸವಾರನ ಹಿಂದೆ ಹೋಗುತ್ತೆ. ಸೀಟು ಹಿಡಿದ ಕೈ ಚಿತ್ರದಿಂದ ಹೊರಗೆ ಉಳಿಯುತ್ತೆ.

ಈಗ ವಾಕ್ಯಕ್ಕೆ ಬನ್ನಿ. 12ನೇ ವಚನದಿಂದ ದೇವರು ಮೋಶೆಗೆ, ಅಬಾರೀಮ್ ಬೆಟ್ಟ ಹತ್ತಿ ದೇಶವನ್ನ ನೋಡು, ಆದರೆ ನೀನು ಒಳಗೆ ಹೋಗೋದಿಲ್ಲ ಅಂತ ಹೇಳ್ತಾರೆ. ನಲವತ್ತು ವರ್ಷ ನಡೆಸಿದವನಿಗೆ! ಮೋಶೆಗೆ ನೋವಾಗಲಿಲ್ಲ ಅಂದುಕೊಳ್ಳಬೇಡಿ. ಧರ್ಮೋಪದೇಶಕಾಂಡ 3ರಲ್ಲಿ ನೋಡಿ, ದಾಟಿ ಹೋಗೋಕೆ ಬಿಡು ಅಂತ ಬೇಡಿಕೊಂಡಿದ್ದಾನೆ. ಸಾಕು, ಈ ಮಾತು ಮತ್ತೆ ಎತ್ತಬೇಡ ಅಂತ ಉತ್ತರ ಬಂತು. ನೋವು ಪಾಪ ಅಲ್ಲ, ಅಮ್ಮಂದಿರೇ. ಕಣ್ಣೀರು ಬಂದರೆ ಬರಲಿ. ಆದರೆ ಇಲ್ಲಿ 16, 17ರಲ್ಲಿ ಮೋಶೆಯ ಬಾಯಿಂದ ಬರುವ ಪ್ರಾರ್ಥನೆ ಏನು? ತನ್ನ ಬಗ್ಗೆ ಒಂದಕ್ಷರ ಇಲ್ಲ. ಈ ಜನ ಕುರುಬನಿಲ್ಲದ ಕುರಿಗಳಾಗಬಾರದು, ಇವರಿಗೆ ಒಬ್ಬನನ್ನ ಕೊಡು ಅಂತ.

ದೇವರು ಯೆಹೋಶುವನನ್ನ ತೋರಿಸಿ, ಅವನ ಮೇಲೆ ಹಸ್ತಾರ್ಪಣೆ ಮಾಡು ಅಂದರು. ಬೈಬಲ್ ಕಾಲೇಜಿನಲ್ಲಿ ಕಲಿತದ್ದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇಲ್ಲಿದೆ. ಹೀಬ್ರೂ ಮೂಲದಲ್ಲಿ 18ನೇ ವಚನದಲ್ಲಿ ದೇವರು ಹೇಳಿದ್ದು ಏಕವಚನ, ಒಂದು ಕೈ. 23ರಲ್ಲಿ ಮೋಶೆ ಇಟ್ಟದ್ದು ಬಹುವಚನ. ಎರಡೂ ಕೈ! ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟ. ತನಗೆ ಸಿಗದ ದೇಶಕ್ಕೆ ಹೋಗುವ ಹುಡುಗನ ತಲೆ ಮೇಲೆ ಎರಡೂ ಕೈ ಇಟ್ಟ. ಹಲ್ಲೆಲೂಯಾ!

ಯೌವನಸ್ಥರೇ, ನಿಮಗೂ ಒಂದು ಮಾತಿದೆ, ಹಿಂದಿನ ಸಾಲಿನವರು ಕೇಳಿಸಿಕೊಳ್ಳಿ. 2012, ಲಂಡನ್ ಒಲಿಂಪಿಕ್ಸ್, ಮಹಿಳೆಯರ ಟೀಮ್ ಸ್ಪ್ರಿಂಟ್. ಮೊರೆಲೋನ್ ಆಗಲೂ ಚೀನಾ ತಂಡದ ಜೊತೆ. ಆಗ ತಂಡಕ್ಕೆ ಇಬ್ಬರೇ, ಎರಡು ಸುತ್ತು. ಮೊದಲನೆಯವಳು ಒಂದು ಸುತ್ತು ಮುಂದೆ ಗಾಳಿ ಸೀಳಿ, ಗೆರೆಯ ಹತ್ತಿರ ಮೇಲಕ್ಕೆ ಸರಿದು ದಾರಿ ಬಿಡಬೇಕು, ಎರಡನೆಯವಳು ಮುಗಿಸಬೇಕು. ಗೊಂಗ್ ಜಿಂಜಿಯೆ, ಗುವೊ ಶುವಾಂಗ್ ಅದೇ ದಿನ ವಿಶ್ವದಾಖಲೆ ಮಾಡಿದ್ದರು. ಫೈನಲ್ಲಿನಲ್ಲಿ ಜರ್ಮನಿಗಿಂತ ಮೊದಲು ಗೆರೆ ದಾಟಿದರು. ಸಂಭ್ರಮ ಶುರುವಾಗಿತ್ತು. ಅಷ್ಟರಲ್ಲಿ ತೀರ್ಪು ಬಂತು: ಬದಲಾವಣೆ ನಿಗದಿತ ಜಾಗಕ್ಕೆ ಮುಂಚೆಯೇ ಆಗಿದೆ. ಚಿನ್ನ ಜರ್ಮನಿಗೆ ಹೋಯಿತು. ಅದೇ ಸಂಜೆ ಬ್ರಿಟನ್ನಿನ ಜೋಡಿಯೂ ಇದೇ ತಪ್ಪಿಗೆ ಹೊರಬಿದ್ದಿತ್ತು. ವೇಗ ಕಡಿಮೆ ಆಗಿ ಅಲ್ಲ. ಕೈ ಬದಲಾಗುವ ಕೆಲವು ಮೀಟರ್ ಜಾಗದಲ್ಲಿ ಹೋಯಿತು.

ಸಭೆಗಳು ಒಡೆಯೋದು ಎಲ್ಲಿ ಅಂತ ನನ್ನ ಕೇಳಿದರೆ, ನಾನು ಆ ಜಾಗವನ್ನೇ ತೋರಿಸ್ತೀನಿ. ಹಿರಿಯರು ದಾರಿ ಬಿಡೋದಿಲ್ಲ, ಕಿರಿಯರು ಕಾಯೋದಿಲ್ಲ. ಎಲೀಷನನ್ನ ಜನ ಹೇಗೆ ಗುರುತಿಸಿದರು? 2 ಅರಸುಗಳು 3:11. ಎಲೀಯನ ಕೈಗೆ ನೀರು ಹೊಯ್ದವನು ಅಂತ. ಕಂಬಳಿ ಬೀಳುವ ತನಕ ಜೊತೆಗೇ ನಡೆದ. ನಾನು ವಾರದಲ್ಲಿ ಆಫೀಸಿಗೆ ಹೋಗಿ ಭಾನುವಾರ ಇಲ್ಲಿ ನಿಂತು ಮಾತಾಡ್ತೀನಿ ಅಂದ್ರೆ, ನನ್ನ ಸೀಟು ಹಿಡಿದವರು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ನನ್ನ ಕನ್ನಡ ವ್ಯಾಕರಣ ಈಗಲೂ ತಿದ್ದುತ್ತಾರೆ. ದೇವರಿಗೆ ಸ್ತೋತ್ರ.

ಅಮ್ಮಾ, ನಿಮ್ಮ ಪ್ರಶ್ನೆಗೆ ಬರ್ತೀನಿ. ಭಾನುವಾರ ಎಂಟಕ್ಕೇ ಬನ್ನಿ. ಪಾಠ ಹೇಳಬೇಡಿ. ಹೊಸ ಟೀಚರ್ ತಡವರಿಸಿದರೂ ಮಧ್ಯೆ ಬಾಯಿ ಹಾಕಬೇಡಿ, ಅದು ಕಷ್ಟ ಅಂತ ನನಗೆ ಗೊತ್ತು. ಕ್ಲಾಸಿಗೆ ಮುಂಚೆ ಅರ್ಧ ಗಂಟೆ ಆ ಹುಡುಗಿಯರ ಜೊತೆ ಮೊಣಕಾಲೂರಿ. ಯಾವ ಮಗುವಿನ ಮನೆಯಲ್ಲಿ ಕುಡಿತ ಇದೆ, ಯಾವ ಮಗು ತಿಂಡಿ ತಿನ್ನದೆ ಬರುತ್ತೆ, ಇದು ಯಾವ ರಿಜಿಸ್ಟರ್‌ನಲ್ಲೂ ಇಲ್ಲ, ನಿಮ್ಮ ತಲೆಯಲ್ಲಿ ಮಾತ್ರ ಇದೆ. ಅದನ್ನ ಅವರಿಗೆ ಕೊಡಿ. 20ನೇ ವಚನದಲ್ಲಿ ನಿನ್ನ ಗೌರವದಲ್ಲಿ ಸ್ವಲ್ಪ ಅವನಿಗೆ ಕೊಡು ಅಂತ ದೇವರು ಹೇಳಿದ್ದು ಇದನ್ನೇ ಅಂತ ನಾನು ನಂಬ್ತೀನಿ.

ಕೀಬೋರ್ಡ್ ಸಹೋದರ ನಿಧಾನವಾಗಿ ನುಡಿಸಲಿ. ಎಲ್ಲರೂ ಎದ್ದು ನಿಲ್ಲೋಣ. ಹೊಸ ಟೀಚರ್‌ಗಳು ನಾಲ್ಕೂ ಜನ ಮುಂದೆ ಬನ್ನಿ, ನಾಚಿಕೊಳ್ಳಬೇಡಿ. ಅಮ್ಮಾ, ನೀವೂ ಬನ್ನಿ, ಯಾರಾದರೂ ಅವರ ಕೈ ಹಿಡಿದು ಕರ್ಕೊಂಡು ಬನ್ನಿ, ಮೆಟ್ಟಿಲು ಇದೆ. ಹಾಂ, ಇಲ್ಲಿ ನಿಲ್ಲಿ. ಇವತ್ತು ಪ್ರಾರ್ಥನೆ ನಾನು ಮಾಡಲ್ಲ, ನೀವು ಮಾಡಿ. ಎರಡೂ ಕೈ ಇಡಿ, ಅಮ್ಮಾ.