ಗುಳಿಗೆಯ ದಾಸ್ಯ

ಕಟಕೋಳದ ಹೊಲದಲ್ಲಿ ದಿನವಿಡೀ ಬಗ್ಗಿ ದುಡಿದ ರೈತನು ಸೊಂಟನೋವಿಗೆ ಗುಳಿಗೆ ನುಂಗಿದರೆ ದೋಷವೆ? ಅಲ್ಲ, ಕಾಯಕಕ್ಕೆ ಕಾಯವು ನೆಟ್ಟಗಿರಬೇಕು. ಆದರೆ ಟ್ರಾಮಡಾಲ್‌ನಂತಹ, ಅಫೀಮಿನ ಗುಣವುಳ್ಳ ಮದ್ದು ನೋವನ್ನು ಮರೆಸುವುದಲ್ಲದೆ ಅದರ ಮೂಲವನ್ನು ಕಳೆಯದು. ದೇಹವು ಒಗ್ಗಿದಂತೆಲ್ಲ ಒಂದರ ಕೆಲಸಕ್ಕೆ ಎರಡು ಬೇಕಾಗುವುವು. ತಪ್ಪಿದರೆ ಬೆವರು, ನಡುಕ, ನಿದ್ರೆಗೇಡು. ಮೊದಲು ಕಾಯಕಕ್ಕಾಗಿ ಗುಳಿಗೆ, ಬಳಿಕ ಗುಳಿಗೆಗಾಗಿಯೇ ಕಾಯಕ!

೨೦೧೮ರಲ್ಲಿ ಭಾರತ ಸರಕಾರವು ಈ ಮದ್ದನ್ನು ಮಾದಕದ್ರವ್ಯಗಳ ಕಾಯಿದೆಯೊಳಗೆ ತಂದಿತು. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರತಕ್ಕದ್ದಲ್ಲ. ಹಳೆಯ ಚೀಟಿಯನ್ನೇ ಮತ್ತೆ ಮತ್ತೆ ಮುಂದೊಡ್ಡುವವನನ್ನು ವ್ಯಸನಿಯೆಂದು ಮನೆಯವರು ಹಳಿಯುವುದು ಸುಲಭ. ಅವನಾದರೋ ಸುಖವನ್ನರಸಿ ಹೊರಟವನಲ್ಲ, ನೋವಿಗಂಜಿ ಹೊರಟವನು. ಗುಳಿಗೆಯನ್ನು ಕಸಿದುಕೊಂಡು ಒಮ್ಮೆಲೇ ಬಿಡಿಸುವುದೂ ಅಪಾಯವೇ. ಧಾರವಾಡದ ಡಿಮ್ಹಾನ್ಸ್‌ನಂತಹ ಆಸ್ಪತ್ರೆಗೆ ಜೊತೆಗೂಡಿ ಕರೆದೊಯ್ದರೆ ವೈದ್ಯರು ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುತ್ತ, ಸೊಂಟದ ನೋವಿಗೂ ಬೇರೆ ಉಪಾಯವನ್ನು ನೋಡುವರು.