ಮೊದಲ ಖರ್ಚು ಯಾರದ್ದು?

ನನ್ನ ತವರು ಆಲೆಟ್ಟಿ. ಸುಳ್ಯ ಪೇಟೆಯಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯೂ ಬೇಡ. ಅದೇ ದಾರಿಯಲ್ಲಿ ಕೋಲ್ಚಾರು ದಾಟಿ ಮುಂದೆ ಹೋದರೆ ಕೇರಳದ ಬಂದಡ್ಕ. ಮದುವೆಯಾಗಿ ಪುತ್ತೂರಿಗೆ ಬಂದು ಮೂವತ್ತೈದು ವರ್ಷ ದಾಟಿದರೂ ದೀಪಾವಳಿಗೆ ತವರಿಗೆ ಹೋಗುವ ರೂಢಿಯನ್ನು ನಾನು ಬಿಟ್ಟಿಲ್ಲ. ಎರಡು ವರ್ಷದ ಹಿಂದೆ ಹಾಗೆ ಹೋದಾಗ ತಮ್ಮನ ಹೆಂಡತಿ ಒಲೆಯ ಮುಂದೆ ದೋಸೆ ಹೊಯ್ಯುತ್ತಿದ್ದಳು. ಕಾವಲಿಯ ಮೇಲೆ ಸುತ್ತುವ ಅವಳ ಕೈಯನ್ನೇ ನೋಡುತ್ತಾ ಕೂತಿದ್ದ ನನಗೆ ಏನೋ ಕಡಿಮೆಯಾದಂತೆ ಕಂಡಿತು. ಗಾಜಿನ ಬಳೆಗಳ ನಡುವೆ ಇರಬೇಕಾಗಿದ್ದ ಎರಡು ಚಿನ್ನದ ಬಳೆ ಇರಲಿಲ್ಲ.

"ಬಳೆ ಎಲ್ಲಿ?" ಎಂದೆ.

"ಸೊಸೈಟಿಯಲ್ಲಿ ಉಂಟು ಅತ್ತಿಗೆ."

"ಗೊಬ್ಬರಕ್ಕಾ?"

"ಅಲ್ಲ," ಎಂದು ಅವಳು ದೋಸೆ ಮಗುಚಿ ಹಾಕಿದಳು. "ಫೋಟೋಕ್ಕೆ."

ತೋಟಕ್ಕೆ ಹಳದಿ ರೋಗ ಬಂದ ಮೇಲೆ ಸುಳ್ಯದ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಗಸರ ಚಿನ್ನ ಹೀಗೆ ಸೊಸೈಟಿಯ ಕಪಾಟು ಸೇರಿದೆ. ಅಡಿಕೆ ಮರದ ಸೋಗೆ ಹಳದಿಯಾಗುತ್ತ ಬಂತೆಂದರೆ ಮನೆಯವರ ಮುಖವೂ ಹಾಗೆಯೇ ಆಗುತ್ತದೆ. ಅದು ಹೊಸ ಸಂಗತಿಯಲ್ಲ. ಆದರೆ ಫೋಟೋಕ್ಕೆ ಬಳೆ ಅಡವಿಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಮ್ಮನ ಮಗಳು ಮಂಗಳೂರಿನಲ್ಲಿ ಬಿ.ಕಾಂ. ಓದುವಾಗ ಕಾಲೇಜಿನ ಹಬ್ಬದಲ್ಲಿ ಫ್ಯಾಶನ್ ಶೋಗೆ ನಿಂತಿದ್ದಳಂತೆ. ಉದ್ದದ ಹುಡುಗಿ, ನಡಿಗೆ ಚೆನ್ನಾಗಿದೆ, ನಾಟಕದಲ್ಲೂ ಮಾತು ಸ್ಪಷ್ಟ. ಆ ಫೋಟೋ ಎಲ್ಲಿಂದ ಎಲ್ಲಿಗೆ ಹೋಯಿತೋ, ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. ನಿಮ್ಮ ಮುಖಕ್ಕೆ ಜಾಹೀರಾತಿನಲ್ಲಿ, ಧಾರಾವಾಹಿಯಲ್ಲಿ ಅವಕಾಶ ಉಂಟು. ಮೊದಲು ಒಂದು ಫೋಟೋ ಆಲ್ಬಮ್ ಆಗಬೇಕು, ಅದಕ್ಕೆ ಪೋರ್ಟ್‌ಫೋಲಿಯೋ ಎನ್ನುತ್ತಾರೆ. ಜತೆಗೆ ನೋಂದಣಿ ಶುಲ್ಕ, ನಡೆನುಡಿ ಕಲಿಸುವ ತರಬೇತಿಯ ಶುಲ್ಕ. ಎಲ್ಲ ಸೇರಿ 85,000 ರೂಪಾಯಿ. ಅಪ್ಪನಿಗೆ ಹೇಳಲು ಧೈರ್ಯವಿಲ್ಲ. ತಾಯಿ ಬಳೆ ತೆಗೆದು ಕೊಟ್ಟಳು. ಬಂದದ್ದು ನಲವತ್ತು ಫೋಟೋ ಅಂಟಿಸಿದ ಒಂದು ದಪ್ಪ ಫೈಲು, ಎರಡು ಸಲ "ಆಡಿಷನ್ ಉಂಟು, ಬನ್ನಿ" ಎಂಬ ಕರೆ. ಎರಡು ಸಲವೂ ಬಸ್ಸಿನ ಖರ್ಚು ಇವರದ್ದೇ. ಆಮೇಲೆ ಆ ಕಡೆಯ ಫೋನು ಎತ್ತುವವರೇ ಇಲ್ಲ.

ಸುದ್ದಿ ತಿಳಿದ ದಿನ ತಮ್ಮ ಕೂಗಾಡಿದ. "ವೇಷ ಹಾಕುವ ಆಸೆ ಇದ್ದವರಿಗೆ ಹೀಗೇ ಆಗಬೇಕು!" ಎಂದ. ಹುಡುಗಿ ಅಳಲಿಲ್ಲ. "ಅಣ್ಣನ ಇಂಜಿನಿಯರಿಂಗಿಗೆ ಎಷ್ಟು ಲಕ್ಷ ಹಾಕಿದ್ದೀರಿ ಅಪ್ಪ? ಅವನು ಈಗ ಮೋಟಾರು ಬೈಕಿನ ಶೋರೂಮಿನಲ್ಲಿ ಕೂತಿದ್ದಾನೆ. ಅವನಿಗೆ ಯಾರಾದರೂ ಹೀಗೇ ಆಗಬೇಕು ಅಂದಿದ್ದಾರಾ?" ಎಂದಳು. ತಮ್ಮ ಅಂಗಳಕ್ಕೆ ಇಳಿದು ಹೋದ.

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಹುಡುಗಿ ಕೇಳಿದ್ದರಲ್ಲಿ ನ್ಯಾಯವಿತ್ತು. ಡಿಗ್ರಿಯೆಂದರೆ ಬ್ಯಾಂಕು ಕೂಡ ಸಾಲ ಕೊಡುತ್ತದೆ. ಓದಿ ಕೆಲಸ ಸಿಗದಿದ್ದರೆ ಅದು ಕಾಲದ ದೋಷ. ಬಣ್ಣ ಹಚ್ಚಲು ಹೊರಟು ಕೆಲಸ ಸಿಗದಿದ್ದರೆ ಮಾತ್ರ ಅದು ಹುಡುಗಿಯ ನಡತೆಯ ದೋಷ! 1994ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿಯಾದಾಗ "ನಮ್ಮೂರ ಹುಡುಗಿ" ಎಂದು ನಾವೆಲ್ಲ ಹಿಗ್ಗಿದ್ದೆವು. 1996ರಲ್ಲಿ ಅದೇ ಸ್ಪರ್ಧೆ ಬೆಂಗಳೂರಿಗೆ ಬಂದಾಗ ಸಂಸ್ಕೃತಿ ಉಳಿಯಿತೇ ಅಳಿಯಿತೇ ಎಂದು ಊರೂರಿನಲ್ಲಿ ಚರ್ಚೆ. ನಮ್ಮ ಮಹಿಳಾ ಮಂಡಲದಲ್ಲೂ ಆಗಿತ್ತು, ನಾನೂ ಮಾತಾಡಿದ್ದೆ. ಅಷ್ಟು ಮಾತಾಡಿದವರಲ್ಲಿ ಒಬ್ಬರೂ, ಆ ಮೆಟ್ಟಿಲು ಹತ್ತುವವರೆಗಿನ ಬಟ್ಟೆ, ಫೋಟೋ, ಬಸ್ಸು, ಬಾಡಿಗೆ ಕೋಣೆಯ ಹಣ ಯಾರ ಪೆಟ್ಟಿಗೆಯಿಂದ ಬರುತ್ತದೆ ಎಂದು ಕೇಳಲಿಲ್ಲ.

ನಮ್ಮ ಸೀಮೆಯಲ್ಲಿ ವೇಷ ಕಟ್ಟುವುದೇನು ಹೊಸತೇ? ಯಕ್ಷಗಾನ ಇಲ್ಲದ ಊರೇ ಇಲ್ಲ. ಅಲ್ಲಿ ಮೊದಲ ಖರ್ಚು ಹೇಗೆ ನಡೆಯಿತು ಎಂದು ನೋಡಿದರೆ ಅನೇಕ ಸಂಗತಿ ತಿಳಿಯುತ್ತದೆ. ಹಿಂದೆ ಹುಡುಗನೊಬ್ಬ ಮೇಳ ಸೇರಿದರೆ ಅವನು ಹಣ ಕಟ್ಟುತ್ತಿರಲಿಲ್ಲ. ಚೌಕಿಯಲ್ಲಿ ಹಿರಿಯರ ಕೆಲಸ ಮಾಡಿಕೊಂಡು, ಕೋಡಂಗಿ, ಬಾಲಗೋಪಾಲ ಎಂದು ಸಂಜೆಯ ಸಣ್ಣ ವೇಷ ಮಾಡಿಕೊಂಡು, ರಾತ್ರಿಯೆಲ್ಲ ನೋಡುತ್ತ ಕಲಿಯುತ್ತಿದ್ದ. ಊಟ ಮೇಳದ್ದು, ಬಟ್ಟೆ ಕಿರೀಟ ಮೇಳದ್ದು. ಎಪ್ಪತ್ತರ ದಶಕದಲ್ಲಿ ಧರ್ಮಸ್ಥಳದಲ್ಲಿ ಕುರಿಯ ವಿಠಲ ಶಾಸ್ತ್ರಿಗಳಂಥವರು ಗುರುಗಳಾಗಿ ಕೂತು ಕಲಿಸುವ ಕೇಂದ್ರವೇ ಆರಂಭವಾಯಿತು. ಇನ್ನು ಹರಕೆಯಾಟವಂತೂ ವಿಚಿತ್ರವಾದ ಏರ್ಪಾಡು. ಕಟೀಲು ಮೇಳದ ಆಟ ಆಡಿಸುತ್ತೇನೆಂದು ಹರಕೆ ಹೊತ್ತವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಆ ರಾತ್ರಿಯ ಖರ್ಚು ಪೂರ್ತಿ ಅವರದ್ದು. ನೋಡುವ ಊರವರಿಗೆ ಟಿಕೆಟ್ಟಿಲ್ಲ. ಮಗು ಹುಟ್ಟಿತೆಂದೋ ಕಾಯಿಲೆ ಗುಣವಾಯಿತೆಂದೋ ಒಬ್ಬ ಕೃತಜ್ಞತೆಯಿಂದ ಕೊಟ್ಟ ಹಣದಲ್ಲಿ, ಅವನ ಹೆಸರನ್ನೂ ಅರಿಯದ ಒಬ್ಬ ಹುಡುಗ ಹೆಜ್ಜೆ ಕಲಿಯುತ್ತಾನೆ.

ಕೇಳಲು ಎಷ್ಟು ಚಂದ! ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ಐದಾರು ತಿಂಗಳು ಆ ಕಲಾವಿದನ ಮನೆಯ ಒಲೆ ಹೇಗೆ ಉರಿಯುತ್ತಿತ್ತು? ಒಂದೋ ಮೇಳದ ಯಜಮಾನರ ಮುಂಗಡ, ಅದು ತೀರುವವರೆಗೆ ಬೇರೆ ಮೇಳಕ್ಕೆ ಹೋಗುವಂತಿಲ್ಲ. ಇಲ್ಲವೋ ಹೆಂಡತಿಯ ತಡ್ಪೆ. ತಡ್ಪೆಯನ್ನು ತೊಡೆಯ ಮೇಲಿಟ್ಟು ಎಲೆ ಕತ್ತರಿಸಿ ಬೀಡಿ ಸುತ್ತಿ, ಬ್ರಾಂಚಿಗೆ ಹೊತ್ತು ಹಾಕಿ, ವಾರದ ಮಜೂರಿಯಲ್ಲಿ ಅಕ್ಕಿ ತಂದ ಹೆಂಗಸರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ನೆರೆಯಲ್ಲೇ ಒಬ್ಬರಿದ್ದರು. ಗಂಡ ದೇವೇಂದ್ರನಾಗಿ ಮೆರೆದ ರಾತ್ರಿಗಳಲ್ಲಿ ಅವರು ಚಿಮಿಣಿ ದೀಪದಡಿಯಲ್ಲಿ ಬೀಡಿಗೆ ನೂಲು ಸುತ್ತುತ್ತಿದ್ದರು. ಕಲಾವಿದರಿಗೆ ಸನ್ಮಾನ ಮಾಡುವಾಗ ಈಗೀಗ ಹೆಂಡತಿಯನ್ನೂ ವೇದಿಕೆಗೆ ಕರೆದು ಪಕ್ಕದಲ್ಲಿ ಕೂರಿಸುತ್ತಾರೆ. ಯಾಕೆ ಕರೆಯುತ್ತೇವೆ ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೇಳದ ಈ ಏರ್ಪಾಡೆಲ್ಲ ಗಂಡುಮಕ್ಕಳಿಗೆ. ಹೆಣ್ಣಿಗೆ ಚೌಕಿಯ ಬಾಗಿಲು ತೆರೆದದ್ದು ಬಹಳ ತಡವಾಗಿ. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರು. ಮದ್ದಳೆಗಾರರಾದ ಗಂಡನೇ ಅವರಿಗೆ ಗುರು. ಅಂದರೆ ಅಲ್ಲಿ ಮೊದಲ ಖರ್ಚು ಮನೆಯೊಳಗೇ ನಡೆಯಿತು. ಅವರು ತೀರಿಕೊಂಡದ್ದು 2024ರ ಡಿಸೆಂಬರಿನಲ್ಲಿ. ರಾಜ್ಯೋತ್ಸವ ಪ್ರಶಸ್ತಿ ಬಂದದ್ದು ಅದರ ಹಿಂದಿನ ವರ್ಷವಷ್ಟೇ. ಬೆಳ್ತಂಗಡಿಯಲ್ಲಿ ಹುಟ್ಟಿದ ನಟಿ ಲೀಲಾವತಿಯವರು ಸಿನಿಮಾಕ್ಕೆ ಹೋದದ್ದು ವೃತ್ತಿ ನಾಟಕ ಕಂಪೆನಿಯ ದಾರಿಯಿಂದ. ಕಂಪೆನಿ ಊಟ ಹಾಕಿ ಪಾತ್ರ ಕೊಡುತ್ತಿತ್ತು, ನಿಜ. ಆದರೆ ಕಂಪೆನಿ ಸೇರಿದ ಹೆಣ್ಣಿನ ಬಗ್ಗೆ ಊರು ಏನೇನು ಆಡಿಕೊಳ್ಳುತ್ತಿತ್ತು ಎಂಬುದು ನಿಮಗೂ ಗೊತ್ತು. ಅದೂ ಒಂದು ಖರ್ಚೇ. ಅದನ್ನು ಅವಳೊಬ್ಬಳೇ ಕೊಡಬೇಕಾಗಿತ್ತು.

ಇದಕ್ಕೆ ಹೋಲಿಸಿದರೆ ಬಂಟ್ವಾಳದ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರ ಕತೆ ನೋಡಿ. ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪೆನಿ ಸೇರಿದ ಹುಡುಗ. ಗುಬ್ಬಿ ವೀರಣ್ಣನವರು ಅವರನ್ನು ಕಾಶಿಗೆ ಕಳಿಸಿ ಓದಿಸಿದರು. ಮುಂದೆ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. 1989ರಲ್ಲಿ ಅವರೇ ಮೈಸೂರಿನಲ್ಲಿ ರಂಗಾಯಣ ಕಟ್ಟಿದಾಗ ಅಲ್ಲಿನ ನಟನಟಿಯರಿಗೆ ಸರಕಾರದಿಂದ ತಿಂಗಳ ಸಂಬಳ. ವೀರಣ್ಣನವರು ಕಾಶಿಗೆ ಕಳಿಸಿದ ಹುಡುಗ ಏನೂ ಆಗದೆ ಗಂಗೆಯ ಘಟ್ಟದಲ್ಲೇ ಉಳಿದುಬಿಟ್ಟಿದ್ದರೆ? ವೀರಣ್ಣನವರ ಮನೆಯ ಒಲೆ ಆರುತ್ತಿರಲಿಲ್ಲ. ನನ್ನ ಯೋಚನೆ ಇಲ್ಲಿಗೆ ಬಂದು ನಿಂತಿತು. ಮೊದಲ ಖರ್ಚನ್ನು ಯಾರು ಕೊಡಬೇಕು ಎಂದರೆ, ಅದು ಮುಳುಗಿದರೂ ತಾವು ಮುಳುಗದವರು. ಹರಕೆ ಹೊತ್ತವನಿಗೆ ಫಲ ಮೊದಲೇ ಸಿಕ್ಕಿರುತ್ತದೆ, ಅವನಿಗೆ ನಷ್ಟವೆಂಬುದಿಲ್ಲ. ಸರಕಾರಕ್ಕೆ ಒಬ್ಬ ನಟಿಯ ಸಂಬಳ ಒಂದು ಲೆಕ್ಕವೇ ಅಲ್ಲ. ಆದರೆ ನಡೆಯುವುದು ಹಾಗಲ್ಲವಲ್ಲ. ನಷ್ಟ ತಡೆಯಲಾರದವರೇ, ಪ್ರೀತಿ ಜಾಸ್ತಿ ಇದ್ದವರೇ, ಕೈಯಿಂದ ಬಳೆ ತೆಗೆಯುತ್ತಾರೆ.

ಆ ಬೆಂಗಳೂರಿನವರ ವಿಷಯದಲ್ಲಿ ನನಗೆ ಹೆಚ್ಚು ಯೋಚನೆ ಬೇಕಾಗಲಿಲ್ಲ. ಅಡಿಕೆ ಬೆಳೆಯುವ ಮನೆಯವರು ನಾವು. ಮಂಡಿಯ ದಲ್ಲಾಳಿ ಕಮಿಷನ್ ಹಿಡಿಯುವುದು ಅಡಿಕೆ ಮಾರಿದ ಮೇಲೆ. ಅಡಿಕೆ ಇನ್ನೂ ಮರದಲ್ಲಿರುವಾಗಲೇ "ನಿಮ್ಮ ಅಡಿಕೆ ಮಾರಿಕೊಡುತ್ತೇನೆ, ಹತ್ತು ಸಾವಿರ ಮೊದಲು ಇಡಿ" ಎನ್ನುವವನ ಹತ್ತಿರ ತಮ್ಮ ಚಾ ಕೂಡ ಕುಡಿಯಲಾರ. ಮಾಡೆಲುಗಳಿಗೆ ಕೆಲಸ ಕೊಡಿಸುವ ಪ್ರಾಮಾಣಿಕ ಸಂಸ್ಥೆಗಳೂ ಕೆಲಸ ಸಿಕ್ಕಿದ ಮೇಲೆ ಬಂದ ಹಣದಲ್ಲಿ ತಮ್ಮ ಪಾಲು ಹಿಡಿಯುತ್ತವೆ. ಮೊದಲೇ ಹಣ ಸಿಕ್ಕಿಬಿಟ್ಟವನಿಗೆ ಹುಡುಗಿಗೆ ಕೆಲಸ ಸಿಕ್ಕಿದರೇನು, ಬಿಟ್ಟರೇನು? ಅವನ ವ್ಯಾಪಾರ ಮುಗಿಯಿತು. ಇಷ್ಟು ಸಣ್ಣ ಲೆಕ್ಕ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಹುಡುಗಿ ಅಪ್ಪನ ಹತ್ತಿರ ಮಾತಾಡುವ ಹಾಗಿರಲಿಲ್ಲ, ತಾಯಿ ಮಂಡಿಗೆ ಹೋದವಳಲ್ಲ. ಮುಚ್ಚಿಟ್ಟು ಮಾಡಿದ ವ್ಯವಹಾರಕ್ಕೆ ಬುದ್ಧಿ ಹೇಳುವವರು ಎಲ್ಲಿಂದ ಬರಬೇಕು?

ಇಲ್ಲಿ ನನ್ನದೊಂದು ಸಂಗತಿ ಹೇಳದಿದ್ದರೆ ಈ ಬರೆಹ ಸುಳ್ಳಾಗುತ್ತದೆ.

ನಾನು ಪಿಯುಸಿ ಓದುವಾಗ ನಾಟಕದಲ್ಲಿ ಪಾತ್ರ ಮಾಡಿದ್ದೆ. ನೋಡಿದ ಉಪನ್ಯಾಸಕರೊಬ್ಬರು "ಹೆಗ್ಗೋಡಿಗೆ ಹೋಗಿ ಕಲಿ" ಎಂದರು. ಸುಬ್ಬಣ್ಣನವರ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಲ್ಲಿ ತೊಡಗಿತ್ತು. ಇದು 1984ರ ಮಾತು. ಅಪ್ಪನಿಗೆ ಹೇಳಿದೆ. ಅಪ್ಪ ಬೇಡ ಎನ್ನಲಿಲ್ಲ, "ಹಣ ಯಾರು ಕೊಡುವುದು?" ಎಂದರು. ಆ ವರ್ಷ ತೋಟಕ್ಕೆ ಪಂಪ್‌ಸೆಟ್ ಬಂತು. ಹಣವಿಲ್ಲ ಎಂದ ಅಪ್ಪ ಪಂಪು ತಂದರು, ನನ್ನನ್ನು ಕಳಿಸಲಿಲ್ಲ ಎಂಬ ಕತೆಯನ್ನು ನಾನು ನಲವತ್ತು ವರ್ಷ ಹೇಳಿಕೊಂಡು ಬಂದೆ. ಗಂಡನಿಗೆ ಹೇಳಿದೆ, ಮಕ್ಕಳಿಗೆ ಹೇಳಿದೆ, ಮಹಿಳಾ ಮಂಡಲದ ಭಾಷಣದಲ್ಲೂ ಹೇಳಿದೆ.

ಹೇಳದೆ ಬಿಟ್ಟದ್ದೊಂದಿದೆ. ಅದೇ ವಾರ, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಮ್ಮ ತನ್ನ ಎರಡೆಳೆ ಸರವನ್ನು ಕರವಸ್ತ್ರದಲ್ಲಿ ಕಟ್ಟಿ ನನ್ನ ದಿಂಬಿನ ಹತ್ತಿರ ಇಟ್ಟಿದ್ದಳು. "ಇಟ್ಟುಕೊ, ಹೋಗು. ಅಪ್ಪನಿಗೆ ನಾನು ಹೇಳುತ್ತೇನೆ," ಎಂದಳು. ಬೆಳಿಗ್ಗೆ ನಾನೇ ಅದನ್ನು ಅವಳ ಪೆಟ್ಟಿಗೆಯಲ್ಲಿ ಹಾಕಿದೆ. ಅಮ್ಮನ ಮೇಲಿನ ಕರುಣೆಯಿಂದ ಎಂದು ಆಗ ಅಂದುಕೊಂಡೆ. ಈಗ ನೋಡಿದರೆ, ಅದು ಹೆದರಿಕೆ. ಆ ಸರ ತೆಗೆದುಕೊಂಡು ಹೋಗಿ ನಟನೆ ಬಾರದೆ ತಿರುಗಿ ಬಂದರೆ ಅಮ್ಮನ ಬರಿ ಕುತ್ತಿಗೆಯನ್ನು ದಿನಾ ನೋಡಬೇಕು. ಅಪ್ಪನ ಹಣವಾಗಿದ್ದರೆ ನಾನು ಸೋತು ಬರಬಹುದಾಗಿತ್ತು. ಅಮ್ಮನ ಚಿನ್ನದಲ್ಲಿ ಹೋದವಳು ಗೆದ್ದೇ ಬರಬೇಕು. ಅಷ್ಟು ಭಾರ ಹೊತ್ತು ಹೆಜ್ಜೆ ಹಾಕಲು ನನ್ನಿಂದ ಆಗಲಿಲ್ಲ, ದೋಷವನ್ನು ಅಪ್ಪನ ಮೇಲೆ ಹಾಕಿದೆ. ಅಪ್ಪ ಈಗಿಲ್ಲ. ಅಮ್ಮನೂ ಇಲ್ಲ. ಆ ಸರ ಮುರಿಸಿ ನನ್ನ ಮದುವೆಗೇ ನೆಕ್ಲೇಸು ಮಾಡಿಸಿದರು. ಮದುವೆಯೆಂದರೆ ಅದು ಖರ್ಚೆಂದು ಯಾರಿಗೂ ಅನ್ನಿಸಲಿಲ್ಲ!

ಹಾಗಾಗಿ ತಮ್ಮನ ಮಗಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವಳು ಮೋಸಹೋದಳು ನಿಜ, ಆದರೆ ನನಗಿಲ್ಲದ ಎದೆಗಾರಿಕೆ ಅವಳಿಗಿತ್ತು. ಅವಳ ತಾಯಿಯನ್ನು ಮಾತ್ರ ಒಂದು ದಿನ ತೋಟದ ಬದಿಯಲ್ಲಿ ನಿಲ್ಲಿಸಿ ಕೇಳಿದೆ: "ನೀನು ಬಳೆ ಕೊಟ್ಟದ್ದು ಸಾಲವಾ, ದಾನವಾ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಎಂತದ್ದೂ ಅಲ್ಲ ಅತ್ತಿಗೆ. ಅವಳು ಕೇಳಿದಳು, ಕೈಯಲ್ಲಿ ಇತ್ತು."

"ಹೋಯಿತಲ್ಲ?"

"ಹೋಯಿತು. ನನಗೆ ಬೇಜಾರಿಲ್ಲ ಅಂತ ಹೇಳುದಿಲ್ಲ. ಮದುವೆ ಮನೆಗೆ ಹೋಗುವಾಗ ಬೇಜಾರಾಗ್ತದೆ. ಆದರೆ ಅವಳ ಹತ್ತಿರ ಹೇಳಬೇಡಿ."

ಇದನ್ನು ತ್ಯಾಗ ಎಂದು ಹೊಗಳಲು ನನಗೆ ಮನಸ್ಸಿಲ್ಲ. ಹಾಗೆ ಹೊಗಳಿ ಹೊಗಳಿಯೇ ನಾವು ಬೀಡಿ ಸುತ್ತಿದವರ ಲೆಕ್ಕವನ್ನು ಬರೆಯದೆ ಬಿಟ್ಟದ್ದು. ಬೇಜಾರಾಗುತ್ತದೆ ಎಂದು ಅವಳು ಹೇಳಿದಳಲ್ಲ, ನನಗೆ ಅದೇ ಸಮಾಧಾನ. ನನ್ನ ಅಮ್ಮ ಅಷ್ಟನ್ನೂ ಹೇಳಿದವಳಲ್ಲ.

ಹುಡುಗಿ ಈಗ ಮಂಗಳೂರಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಾಳೆ. ಸಂಜೆ ಹವ್ಯಾಸಿ ತಂಡವೊಂದರ ರಿಹರ್ಸಲ್ಲಿಗೆ ಹೋಗುತ್ತಾಳೆ. ಅಲ್ಲಿ ಯಾರೂ ಹಣ ಕೊಡುವುದಿಲ್ಲ, ಕೇಳುವುದೂ ಇಲ್ಲ. ಕಳೆದ ಆಟಿ ತಿಂಗಳಲ್ಲಿ ಒಂದು ಜವಳಿ ಅಂಗಡಿಯ ಜಾಹೀರಾತಿಗೆ ಸೀರೆ ಉಟ್ಟು ನಿಂತದ್ದಕ್ಕೆ 4,000 ರೂಪಾಯಿ ಸಿಕ್ಕಿತು. ಆ ದಪ್ಪ ಫೈಲನ್ನು ಅಂಗಡಿಯವರು ತೆರೆದೂ ನೋಡಲಿಲ್ಲವಂತೆ. ಯಾರೋ ನಾಟಕ ನೋಡಿದವರು ಅವಳ ಹೆಸರು ಹೇಳಿದ್ದರು. ಹಣವನ್ನು ತಾಯಿಗೆ ಕೊಡಲು ಹೋದರೆ "ನಿನ್ನ ಬಸ್ಸಿನ ಖರ್ಚಿಗಿಟ್ಟುಕೊ" ಎಂದಳಂತೆ. ಹುಡುಗಿ ಪುತ್ತೂರಿಗೆ ಬಂದು ನನ್ನ ಕೈಯಲ್ಲಿಟ್ಟಳು. "ಅತ್ತೆ, ಊರಿಗೆ ಹೋದಾಗ ನೀವೇ ಸೊಸೈಟಿಗೆ ಕಟ್ಟಿ. ಅಮ್ಮನಿಗೆ ಗೊತ್ತಾಗುದು ಬೇಡ."

ಹೋದೆ. ಕೌಂಟರಿನ ಹುಡುಗ ಪುಸ್ತಕ ತೆಗೆದು ಲೆಕ್ಕ ಹಾಕಿದ. ನಾಲ್ಕು ಸಾವಿರವೂ ಬಡ್ಡಿಗೇ ಹೋಯಿತು, ಮತ್ತೂ ಸ್ವಲ್ಪ ಬಾಕಿ ಉಳಿಯಿತು. ಅದನ್ನು ನನ್ನ ಪರ್ಸಿನಿಂದ ಕೊಟ್ಟೆ. ಅಸಲು ಹಾಗೆಯೇ ಉಂಟು. "ರಶೀದಿ ಯಾರ ಹೆಸರಿಗೆ ಅಕ್ಕ?" ಎಂದ. ತಮ್ಮನ ಹೆಂಡತಿಯ ಹೆಸರು ಹೇಳಿದೆ. ಮಾರ್ಚಿನ ಒಳಗೆ ಇನ್ನೊಂದು ಸಲ ಬರಬೇಕು ಎಂದ.