ಕ್ಯಾಮರಾದ ಮುಂದಿನ ಧೈರ್ಯ ಯಾರಿಗಾಗಿ?

2006ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯದ ಕಡಲಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ತೊರಕೆ ಮೀನಿನ ಮುಳ್ಳು ಎದೆಗೆ ಚುಚ್ಚಿ ಸ್ಟೀವ್ ಇರ್ವಿನ್ ತೀರಿಕೊಂಡರು. ಆಗ ಅವರಿಗೆ 44 ವರ್ಷ. ಮೊಸಳೆಯ ಮೇಲೆ ಹಾರುವ, ಹಾವಿನ ಬಾಲ ಹಿಡಿದು ನಗುವ ಅವರನ್ನು ಕೇಬಲ್ ಟಿ.ವಿ.ಯ ಮೂಲಕ ನಮ್ಮ ಮಕ್ಕಳೂ ಬಲ್ಲರು. ಅವರು ಪ್ರಾಣಿಗಳನ್ನು ಕೆಣಕಿ ಹೆಸರು ಮಾಡಿದರು ಎಂದು ಕೆಲವರು ಹೇಳಿದರು. ಜನ ಅಸಹ್ಯಪಡುತ್ತಿದ್ದ ಜೀವಿಗಳ ಮೇಲೆ ಪ್ರೀತಿ ಹುಟ್ಟಿಸಿದರು, ಗಳಿಸಿದ ಹಣದಲ್ಲಿ ವನ್ಯಜೀವಿಗಳಿಗಾಗಿ ಭೂಮಿ ಕೊಂಡರು ಎಂದು ಇನ್ನು ಕೆಲವರು ವಾದಿಸಿದರು. ಎರಡರಲ್ಲೂ ಸತ್ಯವಿದೆ. ಆದರೆ ಈ ಎರಡೂ ವಾದಗಳು ಪ್ರಾಣಿ ಮತ್ತು ನಿರೂಪಕ ಇಬ್ಬರನ್ನು ಮಾತ್ರ ನೋಡುತ್ತವೆ. ಮೂರನೆಯವನೊಬ್ಬನಿದ್ದಾನೆ. ಅದೇ ಪ್ರಾಣಿಯ ಪಕ್ಕದಲ್ಲಿ, ಕ್ಯಾಮರಾ ಇಲ್ಲದೆ ದಿನ ಕಳೆಯುವವನು. ಅವನಿಗೆ ಏನು ಸಿಕ್ಕಿತು?

ಹಾಸನ ಜಿಲ್ಲೆಯನ್ನೇ ನೋಡೋಣ. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಗರಿ ರಾಶಿಯಾಗಿ ಬಿದ್ದಿರುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿಯ ನೀರುಂಡ ಗದ್ದೆಗಳಿವೆ. ಅರಕಲಗೂಡಿನಲ್ಲಿ ಆಲೂಗಡ್ಡೆ, ಹೊಗೆಸೊಪ್ಪಿನ ಹೊಲಗಳಿವೆ. ಇಲಿ ಇದ್ದಲ್ಲಿ ಹಾವು ಇದ್ದೇ ಇರುತ್ತದೆ. ರಾತ್ರಿ ಕರೆಂಟ್ ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಬರಿಗಾಲಲ್ಲಿ ಹೊರಡುವ ರೈತನಿಗೆ, ಕಳೆ ಕೀಳಲು ಕೈ ಚಾಚುವ ಕೂಲಿ ಹೆಂಗಸಿಗೆ ಕೊಳಕುಮಂಡಲವೆಂಬುದು ಮನರಂಜನೆಯಲ್ಲ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಅಂದರೆ ವರ್ಷಕ್ಕೆ 58 ಸಾವಿರ. ಇವರಲ್ಲಿ ಹೆಚ್ಚಿನವರು ಹಳ್ಳಿಗರು. ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು 2024ರಲ್ಲಿ. ಅಲ್ಲಿಯವರೆಗೆ ಎಷ್ಟೋ ಸಾವುಗಳು ಲೆಕ್ಕಕ್ಕೇ ಬರದೆ ಮಣ್ಣಾದವು.

ಈ ಮೂರನೆಯವನ ಕಡೆಯಿಂದ ಇನ್ನೊಬ್ಬ ನಿರೂಪಕರ ಬದುಕನ್ನು ಅಳೆಯೋಣ. ರೊಮುಲಸ್ ವಿಟೇಕರ್ 1943ರಲ್ಲಿ ಅಮೆರಿಕದಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಭಾರತಕ್ಕೆ ಬಂದು, ಮುಂದೆ ಇಲ್ಲಿಯ ಪ್ರಜೆಯೂ ಆದರು. ಮದ್ರಾಸಿನಲ್ಲಿ ಹಾವುಗಳ ಉದ್ಯಾನ ಕಟ್ಟಿದರು, 1976ರಲ್ಲಿ ಮೊಸಳೆ ಸಂರಕ್ಷಣಾ ಕೇಂದ್ರ ಆರಂಭಿಸಿದರು. ನ್ಯಾಷನಲ್ ಜಿಯಾಗ್ರಫಿಕ್‌ಗಾಗಿ ಅವರು ಮಾಡಿದ ಕಾಳಿಂಗ ಸರ್ಪದ ಚಿತ್ರಕ್ಕೆ 1998ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ಹಾವು, ಮೊಸಳೆಗಳ ಬಗ್ಗೆ ಹಲವು ಟಿ.ವಿ. ಚಿತ್ರಗಳಲ್ಲಿ ಅವರು ಕಾಣಿಸಿಕೊಂಡರು. ಇಷ್ಟೇ ಆಗಿದ್ದರೆ ಅವರೂ ಒಬ್ಬ ಪ್ರಸಿದ್ಧ ಮನುಷ್ಯ, ಅಷ್ಟೆ.

ಆದರೆ ತಮಿಳುನಾಡಿನ ಇರುಳರ ಸಂಗತಿ ಬೇರೆ. ಈ ಬುಡಕಟ್ಟಿನವರು ಹಾವು ಹಿಡಿದು ಚರ್ಮ ಮಾರಿ ಹೊಟ್ಟೆ ಹೊರೆಯುತ್ತಿದ್ದರು. 1972ರ ವನ್ಯಜೀವಿ ಕಾಯಿದೆಯ ನಂತರ ಚರ್ಮದ ವ್ಯಾಪಾರಕ್ಕೆ ತಡೆ ಬಿತ್ತು. ಹಾವು ಉಳಿಯಿತು, ಇರುಳರ ಒಲೆ ಆರಿತು. ಸಂರಕ್ಷಣೆಯ ಹೆಸರಿನಲ್ಲಿ ಬಡವನ ಅನ್ನ ಕಿತ್ತುಕೊಂಡು ಸುಮ್ಮನಾಗುವುದು ನ್ಯಾಯವೇ? 1978ರಲ್ಲಿ ವಿಟೇಕರ್ ಅವರ ಮುಂದಾಳ್ತನದಲ್ಲಿ ಇರುಳರ ಸಹಕಾರ ಸಂಘ ಹುಟ್ಟಿತು. ಹಾವು ಹಿಡಿಯುವ ಅದೇ ವಿದ್ಯೆ, ಉದ್ದೇಶ ಮಾತ್ರ ಬದಲು. ಹಾವಿನಿಂದ ವಿಷ ತೆಗೆದು, ಹಾವನ್ನು ಮತ್ತೆ ಕಾಡಿಗೆ ಬಿಡುವುದು. ದೇಶದಲ್ಲಿ ತಯಾರಾಗುವ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ವರ್ಷಗಟ್ಟಲೆ ಈ ಸಂಘದಿಂದಲೇ ಬಂತು. ಹಾಸನದ ಆಸ್ಪತ್ರೆಯಲ್ಲಿ ಬದುಕಿ ಎದ್ದ ರೈತನ ಜೀವದಲ್ಲಿ ಯಾರೋ ಓದುಬರಹ ಬಾರದ ಇರುಳನ ಕೈಚಳಕವೂ ಇರಬಹುದು. ಅವನು ಯಾವ ಟಿ.ವಿ.ಯಲ್ಲೂ ಕಾಣಿಸಿಕೊಂಡವನಲ್ಲ.

ನಮ್ಮ ಮಲೆನಾಡಿನಲ್ಲೂ ಇದೇ ರೀತಿ ನಡೆಯಿತು. 2005ರಲ್ಲಿ ಸಿಕ್ಕಿದ ವಿಟ್ಲಿ ಪ್ರಶಸ್ತಿಯ ಹಣದಲ್ಲಿ ವಿಟೇಕರ್ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದರು. ಆಗುಂಬೆಯಲ್ಲಿ ನೆಲೆನಿಂತು ಕಾಳಿಂಗ ಸರ್ಪವನ್ನು ಅಭ್ಯಸಿಸಿದ ಕನ್ನಡಿಗ ಪಿ. ಗೌರಿಶಂಕರ್ ಮತ್ತು ಸಂಗಡಿಗರು 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಪ್ರಭೇದವೆಂದು ತೋರಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲಿ ಈಗ ನಮ್ಮ 'ಕಾಳಿಂಗ' ಎಂಬ ಪದವೇ ಸೇರಿದೆ.

2018ರಲ್ಲಿ ವಿಟೇಕರ್‌ಗೆ ಪದ್ಮಶ್ರೀ ಬಂತು. 2023ರಲ್ಲಿ ಅದೇ ಗೌರವ ವಡಿವೇಲ್ ಗೋಪಾಲ್ ಮತ್ತು ಮಾಸಿ ಸದೈಯನ್ ಎಂಬ ಇಬ್ಬರು ಇರುಳರಿಗೆ ಸಂದಿತು. ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ಅಲ್ಲಿಗೆ ಪಿಡುಗಾಗಿದ್ದ ಹೆಬ್ಬಾವುಗಳನ್ನು ಹಿಡಿದುಕೊಟ್ಟವರು ಇವರು. ಬೆಳಕು ಒಬ್ಬನ ಮೇಲೆ ಬಿದ್ದಾಗ ಅವನು ಸ್ವಲ್ಪ ಪಕ್ಕಕ್ಕೆ ಸರಿದು ನಿಂತರೆ ಹಿಂದಿದ್ದವರೂ ಕಾಣಿಸುತ್ತಾರೆ. ದೊಡ್ಡತನ ಅಂದರೆ ಇದೇ ಅಲ್ಲವೇ?

ಹಾಗೆಂದು ಪ್ರಸಿದ್ಧಿಯನ್ನು ಹಳಿಯಬೇಕಾಗಿಲ್ಲ. ಟಿ.ವಿ. ತಂದ ಹೆಸರಿಲ್ಲದಿದ್ದರೆ ಇಂತಹ ಕೆಲಸಗಳಿಗೆ ಹಣ, ಬೆಂಬಲ ದೊರೆಯುವುದು ಕಷ್ಟ. ಕೀರ್ತಿ ಒಂದು ಬಂಡವಾಳ. ಅದರ ಲಾಭ ಯಾರ ಮನೆಗೆ ಹೋಯಿತು ಎಂಬುದೇ ಪ್ರಶ್ನೆ.

ಇದು ದೂರದವರಿಗೆ ಮಾತ್ರ ಹಾಕುವ ಪ್ರಶ್ನೆಯಲ್ಲ. ಇಂದು ಪ್ರತಿ ಊರಿನಲ್ಲೂ ಮೊಬೈಲ್ ಇದೆ, ಪ್ರತಿ ಯುವಕನೂ ನಿರೂಪಕನೇ. ಮನೆಯೊಳಗೆ ಬಂದ ನಾಗರಹಾವನ್ನು ಹಿಡಿದವನು ಅದನ್ನು ಚೀಲಕ್ಕೆ ಹಾಕುವ ಮೊದಲು ಹೆಡೆಯೆತ್ತಿಸಿ ಆಡಿಸಿದರೆ ನಾವು ಸುತ್ತ ನಿಂತು ಚಪ್ಪಾಳೆ ತಟ್ಟುತ್ತೇವೆ. ಅವನ ಸಾವಿಗೆ ನಾವೂ ಪ್ರೇಕ್ಷಕರಾಗಿ ಸಿದ್ಧರಾಗಿರುತ್ತೇವೆ ಎಂಬುದು ಹೊಳೆಯುವುದೇ ಇಲ್ಲ. ಅದೇ ಐದು ನಿಮಿಷದಲ್ಲಿ ಅವನು ನೆರೆದವರಿಗೆ ನಾಲ್ಕು ಮಾತು ಹೇಳಬಹುದು. ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೈಕಾಲು ಅಲುಗಿಸದೆ ಬೇಗ ಆಸ್ಪತ್ರೆಗೆ ಒಯ್ಯಿರಿ, ರಾತ್ರಿ ಹೊಲಕ್ಕೆ ಹೋಗುವಾಗ ಟಾರ್ಚ್ ಮತ್ತು ಬೂಟು ಮರೆಯಬೇಡಿ. ಇದನ್ನು ಕೇಳಿ ಯಾರೂ ಶಿಳ್ಳೆ ಹಾಕಲಾರರು. ಆದರೆ ಆ ರಾತ್ರಿ ಗದ್ದೆಗೆ ನೀರು ಕಟ್ಟಲು ಹೊರಟವನೊಬ್ಬ ಬೆಳಗ್ಗೆ ಮನೆಗೆ ಮರಳಿಯಾನು.